ಹಿಮ್ಮೇಳ ಯಾರ ಹಿಡದ್ರು?

ಮಾರ್ಚ್ 17, 2007. ಶನಿವಾರ. ಈ ತಾರೀಖು ಹೇಳಿದರೆ ಇಲ್ಲಿ ಕೂತಿರುವ ಕ್ರಿಕೆಟ್ ಹುಚ್ಚಿನವರಿಗೆ ಒಂದು ನೋವು ನೆನಪಾಗುತ್ತದೆ. ವಿಶ್ವಕಪ್ಪಿನಲ್ಲಿ ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ ದಿನ ಅದು. ನನಗೆ ಮಾತ್ರ ಅದು ಬೇರೆ ಕಾರಣಕ್ಕೆ ನೆನಪಿದೆ. ಅವತ್ತು ಸಂಜೆ ನಾನು ಬೆಂಗಳೂರಿನ ಅರಮನೆ ಮೈದಾನದಲ್ಲಿ ನಿಂತಿದ್ದೆ. ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ಬ್ಯಾಂಡು ಭಾರತದಲ್ಲಿ ಮೊದಲ ಸಲ ಹಾಡಿದ್ದು ಅಲ್ಲಿ, ಅವತ್ತೇ.

ನಾನು ಆಗ ಇದೇ ವಿಜಯಪುರದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ಯಾಂಡಿನ ಬಗ್ಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು. 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಅನ್ನೋ ಹುಡುಗ ಕಟ್ಟಿದ ತಂಡ ಇದು. ನಾನು ನೋಡಿದಾಗ ಆರು ಜನ. ಅದರಲ್ಲಿ ಮೂರು ಜನ ಗಿಟಾರ್. ಹಾಡುವವನು ಬ್ರೂಸ್ ಡಿಕಿನ್ಸನ್. ಇವನು ಆಗ ಪ್ರಯಾಣಿಕರ ವಿಮಾನ ಓಡಿಸುವ ಪೈಲಟ್ ಕೂಡ ಆಗಿದ್ದ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಾಡುವವನಲ್ಲ. ಸ್ಟೀವ್ ಹ್ಯಾರಿಸ್. ಅವನು ಬಾರಿಸೋದು ಬಾಸ್ ಗಿಟಾರ್. ನಾಲ್ಕು ದಪ್ಪ ತಂತಿ, ತೀರಾ ಕೆಳಗಿನ ಸ್ವರ. ಬಹಳ ತಂಡಗಳಲ್ಲಿ ಬಾಸ್ ಹಿಂದೆ ಸುಮ್ನೆ ಕೂತಿರುತ್ತದೆ. ಇವನದು ಮುಂದೆ ಓಡುತ್ತದೆ.

ಹೇಗೆ ಓಡುತ್ತದೆ ಅಂತ ನಮ್ಮೂರಿನವರಿಗೆ ಹೇಳೋದು ಸುಲಭ. ನಾವು ಟಾಂಗಾ ಊರಿನವರು, ಅಲ್ವಾ? ಟಾಂಗಾ ಕಟ್ಟಿದ ಕುದುರೆ ರಸ್ತೆ ಮೇಲೆ ಹೋಗುವಾಗ ಟಕ್ ಟಕ್, ಟಕ್ ಟಕ್ ಅಂತ ಎರಡೆರಡು ಪೆಟ್ಟು ಬೀಳುತ್ತವೆ. ನಮ್ಮ ಮನೆ ಹತ್ತಿರ ಒಂದು ಟಾಂಗಾ ಸ್ಟ್ಯಾಂಡ್ ಇತ್ತು. ಸಂಜೆ ಹೊತ್ತು ಒಬ್ಬ ಮುದುಕ ಕುದುರೆ ಬಿಚ್ಚಿ ಬಯಲಿಗೆ ಬಿಡುತ್ತಿದ್ದ. ಗಾಡಿಯ ಭಾರ ಇಲ್ಲ, ಲಗಾಮು ಇಲ್ಲ. ಅದು ಮೊದಲು ಮೈ ಕೊಡವುತ್ತಿತ್ತು. ಆಮೇಲೆ ಓಟ ಕೀಳುತ್ತಿತ್ತು. ಆಗ ಸಪ್ಪಳ ಬೇರೆ. ದಂ ದದ, ದಂ ದದ, ದಂ ದದ. ಒಂದು ಉದ್ದ, ಎರಡು ಗಿಡ್ಡ. ಸ್ಟೀವ್ ಹ್ಯಾರಿಸ್ ಬರಿ ಬೆರಳಿನಿಂದ ಬಾರಿಸೋದು ಇದನ್ನೇ. ರಾಕ್ ಸಂಗೀತದವರು ಇದಕ್ಕೆ ಗ್ಯಾಲಪ್ ಅನ್ನುತ್ತಾರೆ. ಕುದುರೆ ಓಟ ಅಂತಲೇ ಅರ್ಥ.

ನಿಮ್ಮ ಮುಂದಿನ ಬೆಂಚಿನ ಮೇಲೆ ಬಾರಿಸಿ ನೋಡಿ. ದಂ ದದ, ದಂ ದದ. ಹೌದು, ಹಾಗೇ. ಹಿಂದಿನ ಸಾಲಿನವರದು ಒಂದು ಚೂರು ತಡವಾಗಿ ಕೇಳ್ತಾ ಇದೆ. ಅದು ಯಾಕೆ ಅನ್ನೋದಕ್ಕೂ ಆಮೇಲೆ ಬರ್ತೀನಿ.

ಈ ಸಂಗೀತ ನನಗೆ ಸಿಕ್ಕಿದ್ದು ಒಂದು ಕ್ಯಾಸೆಟ್ಟಿನಿಂದ. ನಮ್ಮ ಹಾಸ್ಟೆಲಿನಲ್ಲಿ ಶಿಲ್ಲಾಂಗಿನಿಂದ ಬಂದ ಒಬ್ಬ ಸೀನಿಯರ್ ಇದ್ದ. ಅವನ ಊರಿನಲ್ಲಿ ಗಿಟಾರ್ ಹಿಡಿಯೋದು ನಮ್ಮಲ್ಲಿ ಕ್ರಿಕೆಟ್ ಬ್ಯಾಟ್ ಹಿಡಿದಷ್ಟು ಸಾಮಾನ್ಯ. ಅವನು ಯಾರದ್ದೋ ಕ್ಯಾಸೆಟ್ಟಿನಿಂದ ಕಾಪಿ ಮಾಡಿಕೊಂಡ ಒಂದು ಟೇಪ್ ಇಟ್ಟುಕೊಂಡಿದ್ದ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಅವನು ವಾಕ್‌ಮನ್‌ನ ಒಂದು ಕಿವಿ ನನಗೆ ಕೊಟ್ಟ, ಒಂದನ್ನು ತಾನು ಇಟ್ಟುಕೊಂಡ. ಹಾಡಿನ ಮಾತು ನನಗೆ ಒಂದೂ ತಿಳಿಯಲಿಲ್ಲ. ಬ್ರಿಟಿಷರ ಇಂಗ್ಲಿಷ್, ಅದೂ ಕೂಗಿ ಹಾಡಿದ್ದು. ಆದರೆ ಆ ಬಾಸ್ ಕೇಳಿದ ಕೂಡಲೇ ನಾನು ಎದ್ದು ಕೂತೆ. 'ಭೈಯಾ, ಇದು ಕುದುರೆ!' ಅಂದೆ. ಅವನು ಕತ್ತಲಲ್ಲೇ ನನ್ನ ಬೆನ್ನು ಚಪ್ಪರಿಸಿದ.

ಅವತ್ತಿನಿಂದ ನಾವಿಬ್ಬರೂ ಜೊತೆಗಾರರು. ಆದರೆ ಇಬ್ಬರೇ. ನಮ್ಮ ಕಾಲೇಜಿನಲ್ಲಿ ಮೂರನೆಯವನು ಇರಲಿಲ್ಲ. ಇಷ್ಟದ ಹಾಡನ್ನು ಹಂಚಿಕೊಳ್ಳೋಕೆ ಜನ ಇಲ್ಲದಿದ್ದರೆ ಅದು ಎಷ್ಟು ಕಷ್ಟ ಅಂತ ಈಗಿನ ಹುಡುಗರಿಗೆ ಹೇಳಿದರೆ ತಿಳಿಯೋದು ಕಷ್ಟ. ನಿಮ್ಮ ಫೋನಿನಲ್ಲಿ ಎಲ್ಲ ಊರಿನವರೂ ಇದ್ದಾರೆ. ನಮಗೆ ಆಗ ತಾಸಿಗೆ ಇಷ್ಟು ಅಂತ ದುಡ್ಡು ಕೊಟ್ಟು ಸೈಬರ್ ಕೆಫೆಯಲ್ಲಿ ಕೂರಬೇಕಿತ್ತು. 'ಇದು ನಮ್ಮ ಕಡೆಯದಲ್ಲ, ನಿನಗ್ಯಾಕೆ?' ಅಂತ ಕೇಳಿದವರೇ ಜಾಸ್ತಿ. ನನಗೆ ಆಗ ಉತ್ತರ ಹೊಳೆಯುತ್ತಿರಲಿಲ್ಲ. ಈಗ ಹೊಳೆಯುತ್ತದೆ. ನಮ್ಮೂರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾ ಹಾಡು ಕಟ್ಟುತ್ತಿದ್ದ. ತನ್ನ ಹಾಡಿನ ಪುಸ್ತಕದಲ್ಲಿ ಸರಸ್ವತಿಯನ್ನೂ ನೆನೆದ, ಕಲಬುರಗಿಯ ಸೂಫಿ ಸಂತ ಬಂದೇ ನವಾಜರನ್ನೂ ನೆನೆದ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು ಪ್ರೀತಿಸಿದ. ಸಂಗೀತದಲ್ಲಿ ನಮ್ಮದು, ಪರರದು ಅಂತ ಗೆರೆ ಕೊರೆಯದ ಅರಸ ಇದ್ದ ಊರು ಇದು.

ಐರನ್ ಮೇಡನ್ ಬರ್ತಾರೆ ಅನ್ನೋ ಸುದ್ದಿ ಸೈಬರ್ ಕೆಫೆಯಲ್ಲೇ ಸಿಕ್ಕಿದ್ದು. ಟಿಕೆಟ್ ದುಡ್ಡು ಹೊಂದಿಸೋಕೆ ನಾನು ಇಬ್ಬರು ಹೈಸ್ಕೂಲ್ ಹುಡುಗರಿಗೆ ಮೂರು ತಿಂಗಳು ಗಣಿತದ ಟ್ಯೂಷನ್ ಹೇಳಿದೆ. ಬ್ಯಾಂಡಿನ ಟಿ-ಶರ್ಟ್ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಒಂದು ಕರಿ ಬನಿಯನ್ ತಂದು, ಸೀನಿಯರ್ ಅದರ ಮೇಲೆ ಬಟ್ಟೆಗೆ ಹಚ್ಚುವ ಬಣ್ಣದಿಂದ ಬ್ಯಾಂಡಿನ ಹೆಸರು ಬರೆದ. ಆ ಮೂಲೆ ಮೂಲೆಯ ಚೂಪು ಅಕ್ಷರ ಬರೆಯೋಕೆ ಎರಡು ರಾತ್ರಿ ಹಿಡಿಯಿತು. ಅವ್ವ ನೋಡಿ, 'ಕರೇ ಅಂಗಿ ಹಾಕ್ಕೊಂಡು ಒಳ್ಳೆ ಕೆಲಸಕ್ಕ ಹೊಂಡ್ತಾರೇನೋ ತಮ್ಮಾ?' ಅಂದಳು. ಆದರೂ ಬುತ್ತಿ ಕಟ್ಟಿದಳು. ಹದಿನೈದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. 'ಯುಗಾದಿಗೆ ಮನೀಗೆ ಬಾ' ಅಂತ ಎರಡು ಸಲ ಹೇಳಿದಳು. ಹಬ್ಬಕ್ಕೆ ಮೂರು ನಾಲ್ಕು ದಿನ ಅಷ್ಟೇ ಇತ್ತು.

ಶುಕ್ರವಾರ ಸಂಜೆಯ ಸರ್ಕಾರಿ ಬಸ್ಸು. ನಿಡಗುಂದಿ ದಾಟಿ ಕೃಷ್ಣೆಯ ಸೇತುವೆ ಬಂದಾಗ ಕತ್ತಲಾಗಿತ್ತು. ಹುನಗುಂದ, ಇಳಕಲ್ಲ, ಕುಷ್ಟಗಿ, ಹೊಸಪೇಟೆ. ಚಿತ್ರದುರ್ಗದಲ್ಲಿ ಚಹಾ. ಬೆಳಿಗ್ಗೆ ಮೆಜೆಸ್ಟಿಕ್. ನಿದ್ದೆ ಬಂದಿರಲಿಲ್ಲ.

ಮಧ್ಯಾಹ್ನಕ್ಕೆ ಅರಮನೆ ಮೈದಾನದ ಗೇಟಿಗೆ ಬಂದೆವು. ಅಲ್ಲಿ ಕಂಡದ್ದನ್ನು ನಿಧಾನಕ್ಕೆ ಹೇಳಬೇಕು. ಕರಿ ಅಂಗಿ. ಕಣ್ಣು ಹಾಯಿಸಿದಷ್ಟು ದೂರ ಕರಿ ಅಂಗಿ. ಆ ಬಿಸಿಲಿನಲ್ಲಿ, ಫುಟ್‌ಪಾತಿನ ಉದ್ದಕ್ಕೂ, ಎಷ್ಟೋ ಸಾವಿರ ಜನ. ಎಲ್ಲರ ಎದೆಯ ಮೇಲೂ ನಮ್ಮ ಬನಿಯನ್ ಮೇಲಿದ್ದ ಅದೇ ಚೂಪು ಅಕ್ಷರ. ನಾನು ಸೀನಿಯರ್ ಕಡೆ ನೋಡಿದೆ. ಅವನ ಕಣ್ಣಲ್ಲಿ ನೀರಿತ್ತು. ಇಬ್ಬರೇ ಅಂದುಕೊಂಡಿದ್ದೆವು ನಾವು.

ಗೇಟಿನಲ್ಲಿ ಕಾವಲಿನವರು ಚೀಲ ನೋಡಿ, 'ಊಟ ಒಳಗೆ ಬಿಡಲ್ಲ, ತಿಂದ್ಕೊಂಡು ಬನ್ನಿ' ಅಂದರು. ಅವ್ವ ಕಟ್ಟಿದ ಬುತ್ತಿ ಬಿಸಾಡೋಕೆ ಮನಸ್ಸು ಬರುತ್ತದಾ? ಅಲ್ಲೇ ಫುಟ್‌ಪಾತಿನ ಮೇಲೆ, ಒಂದು ಮರದ ಬುಡದಲ್ಲಿ ಗಂಟು ಬಿಚ್ಚಿದೆವು. ಪಕ್ಕದಲ್ಲಿ ಚೆನ್ನೈನ ಇಬ್ಬರು ಹುಡುಗರಿದ್ದರು. ಅವರ ಆಚೆ ಗುವಾಹಟಿಯಿಂದ ಎರಡು ಹಗಲು ಮೂರು ರಾತ್ರಿ ರೈಲಿನಲ್ಲಿ ಬಂದವನೊಬ್ಬ. ನಾನು ಒಂದು ರೊಟ್ಟಿ ಮುರಿದೆ. ಖಡಕ್ ರೊಟ್ಟಿ ಲಟಕ್ ಅಂದಿತು. ಚೆನ್ನೈನವನು ತಿರುಗಿ ನೋಡಿದ. ಅವನು ಹಪ್ಪಳ ಅಂದುಕೊಂಡಿದ್ದ. ಅವನ ಕೈಗೊಂದು ಕೊಟ್ಟು, ಮೇಲೆ ಹಿಂಡಿ ಉದುರಿಸಿದೆ. ಗುವಾಹಟಿಯವನು ಹಿಂಡಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿದ. ಖಾರಕ್ಕೆ ಕಣ್ಣು ಮುಚ್ಚಿದ, ಮತ್ತೆ ಕೈ ಚಾಚಿದ. ಹದಿನೈದು ರೊಟ್ಟಿ ಹತ್ತು ನಿಮಿಷಕ್ಕೆ ಮುಗಿದವು. ನನ್ನ ಇಂಗ್ಲಿಷ್ ಆಗ ತಡವರಿಸುತ್ತಿತ್ತು. ಅವತ್ತು ಯಾರೂ ಅದನ್ನು ಗಮನಿಸಲಿಲ್ಲ. ಒಬ್ಬರು ಒಂದು ಹಾಡಿನ ಹೆಸರು ಹೇಳಿದರೆ ಸಾಕು, ಇನ್ನೊಬ್ಬರು ಅದರ ಗಿಟಾರನ್ನು ಬಾಯಲ್ಲೇ ನುಡಿಸುತ್ತಿದ್ದರು.

ಈ ಜಾಗದ ಬಗ್ಗೆ ಒಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ಇದು ಮೈಸೂರು ಅರಸರ ಬೆಂಗಳೂರಿನ ಅರಮನೆಯ ಅಂಗಳ, ಅಲ್ವಾ? ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದವರು ಅಂತ ನಮಗೆಲ್ಲ ಗೊತ್ತು. ಅವರು ಪಾಶ್ಚಾತ್ಯ ಸಂಗೀತಕ್ಕೂ ಅಷ್ಟೇ ಒಲಿದಿದ್ದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಹಾಡುಗಳನ್ನು 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಹಾಡಿದರು. ಆ ಕಾರ್ಯಕ್ರಮದ ಖರ್ಚಿಗೆ ಜಾಮೀನು ನಿಂತವರು ನಮ್ಮ ಮಹಾರಾಜರು. ಮೈಸೂರಿನ ದುಡ್ಡಿನ ಬಲದಿಂದ ಲಂಡನ್ನಿನಲ್ಲಿ ಹಾಡು ಎದ್ದಿತ್ತು. 57 ವರ್ಷದ ಮೇಲೆ ಅದೇ ಮನೆತನದ ಅಂಗಳಕ್ಕೆ ಲಂಡನ್ನಿನವರು ಬಂದು ಹಾಡಿದರು. ಇದನ್ನು ಓದಿದ ದಿನ ನನಗೆ ಆ ಮೈದಾನದ ಮಣ್ಣು ಮತ್ತೆ ಕಾಲಿಗೆ ತಾಗಿದ ಹಾಗಾಯಿತು.

ಒಳಗೆ ಮೊದಲು ದೆಹಲಿಯ ಪರಿಕ್ರಮ ತಂಡ ನುಡಿಸಿತು. ರಾಕ್ ತಂಡದಲ್ಲಿ ಪಿಟೀಲು! ಅದು ನನಗೆ ಹೊಸದು, ತುಂಬಾ ಹಿಡಿಸಿತು. ಆಮೇಲೆ ಸ್ಟೀವ್ ಹ್ಯಾರಿಸ್ ಮಗಳು ಲಾರೆನ್ ಹ್ಯಾರಿಸ್ ಹಾಡಿದಳು. 7 ಗಂಟೆಗೆ ಅತ್ತ ಮ್ಯಾಚ್ ಶುರುವಾಗಿತ್ತು. ನಮ್ಮ ಮುಂದಿದ್ದವನ ಮೊಬೈಲಿಗೆ ಎಸ್ಸೆಮ್ಮೆಸ್ ಬರುತ್ತಿತ್ತು. ಸೆಹ್ವಾಗ್ 2. ಸಚಿನ್ 7. ಆಮೇಲೆ ಅವನು ಮೊಬೈಲನ್ನು ಜೇಬಿಗೆ ಇಳಿಸಿಬಿಟ್ಟ.

ನಮ್ಮ ಕಡೆ ಕಂಪನಿ ನಾಟಕ ನೋಡಿದವರಿಗೆ ಮೂರನೇ ಗಂಟೆ ಗೊತ್ತು. ಮೊದಲ ಗಂಟೆ, ಎರಡನೇ ಗಂಟೆಗೆ ಜನ ಚಹಾ ಕುಡಿಯುತ್ತ ಹೊರಗೇ ಇರುತ್ತಾರೆ. ಮೂರನೇ ಗಂಟೆ ಹೊಡೆದರೆ ಓಡಿ ಬರುತ್ತಾರೆ. ಐರನ್ ಮೇಡನ್‌ಗೂ ಒಂದು ಮೂರನೇ ಗಂಟೆ ಇದೆ. ಅವರು ವೇದಿಕೆಗೆ ಬರುವ ಮುಂಚೆ ಯುಎಫ್‌ಒ ಅನ್ನೋ ಬೇರೊಂದು ತಂಡದ ಹಳೆಯ ಹಾಡನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಗೊತ್ತಿದ್ದವರು ಅದು ಕೇಳಿದ ಕೂಡಲೇ ಕೂಗೋಕೆ ಶುರು ಮಾಡುತ್ತಾರೆ. ಸೀನಿಯರ್ ನನ್ನ ತೋಳು ಹಿಡಿದುಕೊಂಡ. ದೀಪ ಆರಿದವು.

ಮೊದಲ ಪೆಟ್ಟು ಬಿದ್ದಾಗ ನನಗೆ ಕೇಳಿಸಲಿಲ್ಲ, ತಾಗಿತು. ಇದು ಬರಿ ಮಾತಿನ ಮೆರುಗಲ್ಲ. ನಾನು ಈಗ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು, ಆದ್ದರಿಂದ ಲೆಕ್ಕ ಹೇಳ್ತೀನಿ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿ ನೋಡಿ. ಒಂದೊಂದು ಅಲೆಯೂ 8 ಮೀಟರಿಗಿಂತ ಉದ್ದ. ವಾಕ್‌ಮನ್‌ನ ಕಿವಿಯ ಗುಂಡಿಯಿಂದ ಅಂಥ ಅಲೆಯನ್ನು ಎದೆಗೆ ತಾಗಿಸೋಕೆ ಆಗುವುದಿಲ್ಲ. ಅದಕ್ಕೆ ಮನೆಯಷ್ಟೆತ್ತರದ ಸ್ಪೀಕರುಗಳ ಗೋಡೆ ಬೇಕು. ಅಂಥ ಅಲೆ ಎದೆಗೂಡಿಗೆ ಬಂದು ಗುದ್ದುತ್ತದೆ. ಅಷ್ಟು ದಿನ ಕಿವಿಯಲ್ಲಿ ಕೇಳಿದ ಕುದುರೆ ಅವತ್ತು ನನ್ನ ಪಕ್ಕೆಲುಬಿನ ಒಳಗೆ ಓಡಿತು.

ಹಿಂದಿನ ಸಾಲಿನವರ ವಿಷಯಕ್ಕೆ ಬರ್ತೀನಿ ಅಂದಿದ್ದೆ. ನೀವು ವೇದಿಕೆಯಿಂದ 100 ಮೀಟರ್ ದೂರ ನಿಂತಿದ್ದರೆ ಅಲ್ಲಿನ ಸಪ್ಪಳ ನಿಮಗೆ ಮುಟ್ಟೋಕೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಬೇಕು. ಡ್ರಮ್ ಬಾರಿಸುವವನ ಕೋಲು ಮೊದಲು ಬೀಳುತ್ತದೆ, ಸದ್ದು ಆಮೇಲೆ ಬರುತ್ತದೆ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ, ಹಾಗೇ. ಹೀಗಾಗಿ ಮುಂದಿನವರು ಹಾಡೋದು ಮೊದಲು, ಹಿಂದಿನವರು ಹಾಡೋದು ಒಂದು ಕ್ಷಣ ತಡವಾಗಿ. ಆ ತಡವೇ ಅಲ್ಲಿನ ಹಾಡಿಗೆ ಒಂದು ಅಗಲ ಕೊಡುತ್ತದೆ. ಧ್ವನಿ ನಮ್ಮ ಬೆನ್ನ ಹಿಂದಿನಿಂದ ಉರುಳಿಕೊಂಡು ಬಂದು ತಲೆಯ ಮೇಲೆ ಹಾದು ಮುಂದಕ್ಕೆ ಹೋಗುತ್ತದೆ.

ಅದು ನನಗೆ ತಿಳಿದದ್ದು ಫಿಯರ್ ಆಫ್ ದ ಡಾರ್ಕ್ ಹಾಡಿನಲ್ಲಿ. 1992ರ ಹಾಡು. ಕತ್ತಲಲ್ಲಿ ಒಬ್ಬನೇ ನಡೆಯುವವನ ಹೆದರಿಕೆ ಅದರ ವಿಷಯ. ಅದು ಶುರುವಾಗೋದು ಗಿಟಾರಿನ ಒಂದು ಧಾಟಿಯಿಂದ. ಗಿಟಾರ್ ಆ ಧಾಟಿ ನುಡಿಸುವಾಗ ಜನ ಸುಮ್ನೆ ಇರುವುದಿಲ್ಲ. ಅದನ್ನೇ ಹಾಡುತ್ತಾರೆ. ಮಾತಿಲ್ಲ. ಬರಿ 'ಓ ಓ ಓ'. ಜಗತ್ತಿನ ಯಾವ ಊರಿಗೆ ಈ ತಂಡ ಹೋದರೂ ಹೀಗೇ ಹಾಡುತ್ತಾರೆ. ಯಾರೂ ಕಲಿಸಿದ್ದಲ್ಲ.

ನಾನು ಕನ್ನಡ ಮೀಡಿಯಂ ಅಂದೆನಲ್ಲ. ಅಲ್ಲಿಯವರೆಗೆ ಎಲ್ಲ ಹಾಡಿನಲ್ಲೂ ನನಗೆ ಒಂದು ಅಳುಕು ಇತ್ತು. ಮಾತು ತಪ್ಪಿದರೆ ಪಕ್ಕದವನು ಏನಂದುಕೊಳ್ಳುತ್ತಾನೋ ಅಂತ ತುಟಿಯಷ್ಟೇ ಆಡಿಸುತ್ತಿದ್ದೆ. ಇಲ್ಲಿ ತಪ್ಪೋಕೆ ಮಾತೇ ಇರಲಿಲ್ಲ. ಬಾಯಿ ತೆರೆದೆ. ಗಂಟಲು ಪೂರ್ತಿ ಬಿಟ್ಟು ಹಾಡಿದೆ. ಚೆನ್ನೈನವನು ಎಲ್ಲಿದ್ದನೋ, ಗುವಾಹಟಿಯವನು ಎಲ್ಲಿದ್ದನೋ. ಎಲ್ಲರದ್ದೂ ಅದೇ ಧ್ವನಿ. ಬ್ರೂಸ್ ಡಿಕಿನ್ಸನ್ ಹಾಡೋದನ್ನು ಬಿಟ್ಟು ಕೈ ಎತ್ತಿ ನಿಂತು ಕೇಳುತ್ತಿದ್ದ.

ಚಿಕ್ಕವನಿದ್ದಾಗ ಗೋಳಗುಮ್ಮಟದ ಮೇಲೆ ಹತ್ತಿ ಕೂಗದವರು ನಮ್ಮಲ್ಲಿ ಯಾರಿದ್ದಾರೆ? ನಮ್ಮ ಹೆಸರು ಕೂಗಿದರೆ ಅದು ಮತ್ತೆ ಮತ್ತೆ ತಿರುಗಿ ಬರುತ್ತಿತ್ತು. ಅಲ್ಲಿ ತಿರುಗಿ ಬರೋದು ನಮ್ಮದೇ ದನಿ. ಅರಮನೆ ಮೈದಾನದಲ್ಲಿ ನಾನು ಕೂಗಿದ್ದು ಬೇರೆಯವರ ದನಿಯಾಗಿ ತಿರುಗಿ ಬಂತು. ನನಗೆ ಅವತ್ತಿನವರೆಗೆ ಹಾಗೆ ಯಾವತ್ತೂ ಆಗಿರಲಿಲ್ಲ.

ಹುಡುಗರಿಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಎರಡು ದಿನ ನನ್ನ ಕಿವಿ ಗುಂಯ್ ಅಂತಿತ್ತು. ಆಗ ಅದನ್ನು ಹೆಮ್ಮೆ ಅಂದುಕೊಂಡೆ. ತಪ್ಪು. ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೀವು ಇಂಥ ಕಾರ್ಯಕ್ರಮಕ್ಕೆ ಹೋದರೆ ಇಯರ್‌ಪ್ಲಗ್ ಹಾಕಿಕೊಂಡೇ ಹೋಗಿ. ಎದೆಗೆ ತಾಗುವುದು ಹೇಗೂ ತಾಗುತ್ತದೆ.

ರಾತ್ರಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಚೀಲ ತಲೆಗಿಟ್ಟು ಮಲಗಿದೆವು. ಬೆಳಿಗ್ಗೆ ಚಹಾ ಅಂಗಡಿಗೆ ಹೋದರೆ ಅಲ್ಲಿ ಎಲ್ಲರ ಮುಖವೂ ಇಳಿದುಹೋಗಿತ್ತು. 191ಕ್ಕೆ ಆಲೌಟ್ ಆಗಿ ಸೋತಿದ್ದೆವು. ಒಬ್ಬರು ಗಂಗೂಲಿಯ 66ರ ಬಗ್ಗೆ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದರು. ನನಗೂ ಬೇಜಾರಾಯಿತು. ಆದರೆ ಚಹಾ ಕೇಳೋಕೂ ಧ್ವನಿ ಇರಲಿಲ್ಲ. ಎರಡು ಬೆರಳು ತೋರಿಸಿದೆ. ಹಬ್ಬದ ರಶ್ಶಿನಲ್ಲಿ ಹೊಸಪೇಟೆವರೆಗೆ ನಿಂತೇ ಬಂದೆವು.

ಯುಗಾದಿಗೆ ಇಂಡಿ ಕಡೆಯ ಹಳ್ಳಿಯಿಂದ ನಮ್ಮ ಸೋದರಮಾವ ಬಂದಿದ್ದರು. ಅವರು ಗೀಗೀ ಮೇಳದಲ್ಲಿ ತುಂತುಣಿ ಅನ್ನೋ ತಂತಿ ವಾದ್ಯ ಹಿಡಿಯುತ್ತಿದ್ದರು. ಗೀಗೀ ಪದ ಕೇಳಿದವರಿಗೆ ಗೊತ್ತು. ಮುಂದೆ ಇರುವವರು ದಪ್ಪು ಬಾರಿಸುತ್ತ ಕಥೆಯ ನುಡಿ ಹಾಡುತ್ತಾರೆ. ನುಡಿ ಮುಗಿದ ಕೂಡಲೇ ಹಿಂದಿನವರು 'ಗೀಯ ಗೀಯ ಗಾಗೀಯ ಗೀಯ' ಅಂತ ಎತ್ತಿಕೊಳ್ಳುತ್ತಾರೆ. ಅದಕ್ಕೆ ಅರ್ಥ ಇಲ್ಲ. ಆದರೆ ಅದಿಲ್ಲದಿದ್ದರೆ ಪದವೇ ನಿಲ್ಲುವುದಿಲ್ಲ. ಆ ಹಾಡುಗಾರಿಕೆಗೆ ಹೆಸರು ಬಂದಿದ್ದೇ ಆ ಗೀಗೀಯಿಂದ.

ಅವ್ವ ಹೋಳಿಗೆ ಲಟ್ಟಿಸುತ್ತಿದ್ದಳು. ಮಾವ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ನನ್ನನ್ನು ಕರೆದರು. ಬೇರೆಯವರ ಹಾಗೆ ಟಿಕೆಟ್ ಎಷ್ಟು, ಏನ್ ಬಟ್ಟೆ ಹಾಕಿದ್ರು ಅಂತ ಅವರು ಕೇಳಲಿಲ್ಲ.

'ಅಳಿಯಾ, ಹಿಮ್ಮೇಳ ಯಾರ ಹಿಡದ್ರು?'

'ಎಲ್ಲಾರೂ, ಮಾಮಾ. ಬಂದವರೆಲ್ಲಾರೂ.'

ಅವರು ಸುಣ್ಣದ ಬೆರಳು ಹಾಗೇ ಎತ್ತಿ ಹಿಡಿದು, 'ಹಂಗಾದ್ರ ಹಾಡಿ ತೋರ್ಸು' ಅಂದರು. ನನ್ನ ಗಂಟಲು ಇನ್ನೂ ಒಡೆದಿತ್ತು. ಆದರೂ ಆ ಧಾಟಿ ಹಾಡಿದೆ. ಎರಡನೇ ಸಲಕ್ಕೆ ಅವರೇ ಹಿಡಿದರು, ಸ್ವಲ್ಪ ತಮ್ಮ ಕಡೆಯ ಎಳೆತ ಸೇರಿಸಿ. ಒಳಗೆ ಲಟ್ಟಣಿಗೆ ನಿಂತಿತು, ಮತ್ತೆ ಶುರುವಾಯಿತು.

ಸೀನಿಯರ್ ಅದೇ ವರ್ಷ ಓದು ಮುಗಿಸಿ ಶಿಲ್ಲಾಂಗಿಗೆ ಹೋದ. ಹೋಗುವಾಗ ಆ ಕ್ಯಾಸೆಟ್ ನನ್ನ ಕೈಗೆ ಕೊಟ್ಟ. ಇವತ್ತು ತಂದಿದ್ದೇನೆ. ಟೇಪ್ ಎರಡು ಕಡೆ ಹರಿದು ಅಂಟಿಸಿದ್ದು, ಮೇಲೆ ಅವನ ಬಾಲ್‌ಪೆನ್ನಿನ ಅಕ್ಷರ ಇದೆ. ಇಲ್ಲೇ ಮೇಜಿನ ಮೇಲೆ ಇಟ್ಟಿರ್ತೀನಿ, ಆಮೇಲೆ ಬಂದು ನೋಡಿ.